ಜಾನೆಟಕ್ಕನ ಹಿಂದೆ ಒಂಬತ್ತು ಕಿಲೋಮೀಟರ್

ಹೊರಡುವ ಮೊದಲು

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಗ್ಲೆಂಡಿಗೆ ಹೋಗಿ ಬಂದವರು ಬರೆದದ್ದನ್ನು ನಾನೂ ಅಷ್ಟಿಷ್ಟು ಓದಿದ್ದೇನೆ. ಅವರಿಗೆಲ್ಲ ಅಲ್ಲಿ ಆನಂದವೋ ಆಶ್ಚರ್ಯವೋ ಆಗಿರುತ್ತದೆ. ನನಗೆ ವಿಮಾನ ಇಳಿದ ಗಳಿಗೆಯಿಂದಲೇ ಹೊಟ್ಟೆಯಲ್ಲಿ ಸಣ್ಣಗೆ ಉರಿ ಹತ್ತಿಕೊಂಡಿತು. ಶಹಾಪುರದಲ್ಲಿ ಏಪ್ರಿಲ್ ಬಂತೆಂದರೆ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ಕಾಯಿಸಿದ ನೀರೇ ಬರುತ್ತದೆ. ಅದೇ ಏಪ್ರಿಲ್‌ನಲ್ಲಿ ಈ ಜನಕ್ಕೆ ಸ್ವೆಟರ್ ಬೇಕು. ಸೂರ್ಯ ಒಬ್ಬನೇ ಆಗಿದ್ದೂ ಇಷ್ಟು ಪಕ್ಷಪಾತ ಮಾಡುತ್ತಾನೆ ಅಂದರೆ ಆನಂದಪಡುವುದು ಹೇಗೆ?

ನಾನು ಸಗರದ ಶಾಲೆಯಲ್ಲಿ ಟೀಚರ್. ಮನೆ ಶಹಾಪುರ, ತವರು ಸುರಪುರ. ನನ್ನ ಬೆನ್ನಿಗೆ ಬಿದ್ದ ತಂಗಿ ನಾಗು ನನಗಿಂತ ಐದು ವರ್ಷ ಸಣ್ಣವಳು. ಹದಿನಾಲ್ಕು ವರ್ಷದಿಂದ ಗಿಲ್ಡ್‌ಫರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಅವಳ ಗಂಡ ರಾಯಚೂರು ಕಡೆಯವನು, ಅಲ್ಲಿ ಸಿಟಿ ಬಸ್ಸು ಓಡಿಸುತ್ತಾನೆ. ಈ ಹದಿನಾಲ್ಕು ವರ್ಷದಲ್ಲಿ ನಾಗು ಮೂರು ಸಲ ಊರಿಗೆ ಬಂದು ಹೋದಳು. ದಿನ ಬಿಟ್ಟು ದಿನ ಫೋನ್ ಮಾಡಿದಳು. ಆದರೆ ಒಮ್ಮೆಯೂ ‘ಅಕ್ಕ, ನೀ ಬಾ’ ಅನ್ನಲಿಲ್ಲ.

ನಮ್ಮ ಓಣಿಯವರಿಗೆ ಇದು ಗೊತ್ತಿತ್ತು. ಎದುರು ಮನೆಯ ಶಂಕ್ರಮ್ಮ ಆರು ತಿಂಗಳಿಗೊಮ್ಮೆ ಲೆಕ್ಕ ತಪ್ಪದೆ ಕೇಳುತ್ತಿದ್ದರು.

“ಟೀಚರ್ರೀ, ತಂಗಿ ಇನ್ನಾ ಕರದಿಲ್ಲೇನ್ರಿ?”

“ಕರೀತಾಳ್ರಿ. ನನಗೇ ಪುರಸೊತ್ತಿಲ್ಲ” ಎಂದು ನಾನು ಸುಳ್ಳು ಹೇಳುತ್ತಿದ್ದೆ.

ಈ ವರ್ಷ ಬೇಸಿಗೆ ರಜೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಫೋನಿನಲ್ಲಿ “ಅಕ್ಕ, ಬಾ” ಅಂದಳು. ಟಿಕೆಟ್ಟೂ ಕಳಿಸಿದಳು. ನಾನು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಕಟ್ಟಿಕೊಂಡೆ. ಜೊತೆಗೆ ಒಂದು ಪ್ರಶ್ನೆಯನ್ನೂ ಕಟ್ಟಿಕೊಂಡು ಹೋದೆ. ಇಷ್ಟು ವರ್ಷ ಯಾಕೆ ಕರೆಯಲಿಲ್ಲ? ನನ್ನಂಥ ಅಕ್ಕ ಅವರ ನಡುವೆ ಕಂಡರೆ ನಾಚಿಕೆ ಅಂತಲೋ, ಅಥವಾ ಅವಳಿಗೆ ನಾನು ಸಾಕಾಗಿಬಿಟ್ಟಿದ್ದೇನೆ ಅಂತಲೋ? ಇದನ್ನು ಮುಖ ನೋಡಿ ಕೇಳಬೇಕಿತ್ತು. ಹೋದ ಮೇಲೆ ಆರು ದಿನ ಕೇಳಲು ಧೈರ್ಯ ಬರಲಿಲ್ಲ. ಭಾನುವಾರ ಅವಳಿಗೆ ರಜೆ, ಇಬ್ಬರೇ ಕೂತು ಮಾತಾಡೋಣ ಎಂದು ಕಾದಿದ್ದೆ.

ಶನಿವಾರ ರಾತ್ರಿ ಊಟ ಮಾಡುತ್ತ ನಾಗು ಅಂದಳು, “ನಾಳೆ ಬಾಜೂ ಊರು ಗಾಡಲ್ಮಿಂಗ್‌ಗೆ ನಡಕೋತ ಹೋಗೂಣು, ಒಂಬತ್ತ ಕಿಲೋಮೀಟರ್. ಪ್ರತಿ ಭಾನುವಾರ ಹೋಗ್ತೀವಿ, ನಾನು, ಜಾನೆಟಕ್ಕ.”

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಯಾವ ಅಕ್ಕ?”

ಜಾನೆಟ್ ಮನೆಯ ಬಾಗಿಲು

ಜಾನೆಟ್‌ಗೆ ಅರವತ್ತಾರು ವರ್ಷ. ನಾಗು ಕೆಲಸಕ್ಕೆ ಸೇರಿದಾಗ ಅದೇ ವಾರ್ಡಿನ ಹಿರಿಯ ನರ್ಸ್ ಆಗಿದ್ದವಳು, ಈಗ ನಿವೃತ್ತಿ. ತೆಳ್ಳಗೆ, ಉದ್ದಕ್ಕೆ, ಗಂಡಸರ ಹಾಗೆ ಕೂದಲು ಕತ್ತರಿಸಿಕೊಂಡು, ಮೊಳಕಾಲಿನ ತನಕ ಕೆಸರಿನ ಕಲೆ ಇದ್ದ ಪ್ಯಾಂಟಿನಲ್ಲಿ ಬಾಗಿಲು ತೆಗೆದಳು. ಎರಡೂ ಕೈ ಜೋಡಿಸಿ, “ಬರ್ರಿ, ಬರ್ರಿ” ಅಂದಳು. ಉಚ್ಚಾರದಲ್ಲಿ ಒಂದು ತಪ್ಪಿಲ್ಲ. ಬೆಂಗಳೂರಿನಿಂದ ವರ್ಗವಾಗಿ ಬಂದ ನಮ್ಮ ಹಳೆಯ ಹೆಡ್‌ಮಾಸ್ಟರು ಆರು ವರ್ಷ ಇದ್ದರೂ ಹೀಗೆ ಅನ್ನಲು ಕಲಿತಿರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಒಂದು ಗಾಜಿನ ಡಬ್ಬಿ ಇತ್ತು. ಅದರಲ್ಲಿ ನನ್ನ ಶೇಂಗಾ ಹಿಂಡಿ. ನಾನು ಒಲೆಯ ಮುಂದೆ ಕೂತು ಹುರಿದು, ಕುಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ ತಂದದ್ದು ತಂಗಿಗೆ. ಅದು ಬಂದು ವಾರ ಆಗುವ ಮೊದಲೇ ಅರ್ಧ ಇಲ್ಲಿಗೆ ಬಂದು ಕೂತಿದೆ. ಜಾನೆಟ್ ಅದನ್ನು ಬ್ರೆಡ್ಡಿನ ಮೇಲೆ ಬೆಣ್ಣೆ ಜೊತೆ ಸವರಿಕೊಂಡು ತಿನ್ನುತ್ತಿದ್ದಳು. “ಹಿಂಡಿ, ವೆರಿ ಗುಡ್” ಎಂದು ನನಗೆ ಹೆಬ್ಬೆಟ್ಟು ತೋರಿಸಿದಳು.

“ಅಕಿಗೆ ಖಾರ ನಡೀತದೇನ?” ಎಂದು ನಾಗುವನ್ನು ಕೇಳಿದೆ.

“ನನಗಿಂತ ಜಾಸ್ತಿ ತಿಂತಾಳ.”

ಮುಂದಿನ ಸಲ ಇನ್ನೂ ನಾಲ್ಕು ಮೆಣಸಿನಕಾಯಿ ಹಾಕಿ ಕುಟ್ಟಬೇಕು ಅಂದುಕೊಂಡೆ.

ನನ್ನ ಚಪ್ಪಲಿ ನೋಡಿ ಜಾನೆಟ್ ತಲೆ ಅಲ್ಲಾಡಿಸಿದಳು. ನಾಗುವಿನ ಹಳೆಯ ಬೂಟು, ಉಣ್ಣೆಯ ಕಾಲುಚೀಲ ಬಂದವು. ಇಳಕಲ್ ಸೀರೆಯ ಕೆಳಗೆ ಬೂಟು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡೆ. ಹೊಲ ಕಾಯಲು ನಿಲ್ಲಿಸಿದ ಬೆದರುಬೊಂಬೆಗೆ ಯಾರೋ ಹಬ್ಬದ ಸೀರೆ ಉಡಿಸಿದಂತಿತ್ತು. ಅವರಿಬ್ಬರೂ ಒಂದೇ ಬಣ್ಣದ ಕೋಟು ತೊಟ್ಟಿದ್ದರು. ಜೋಡಿಯಾಗಿ ಕೊಂಡದ್ದಂತೆ.

ಬಡಾವಣೆಯ ಬೀದಿಗಳು

ಮೊದಲ ಎರಡು ಕಿಲೋಮೀಟರ್ ಬರೀ ಮನೆಗಳು. ಕೆಂಪು ಇಟ್ಟಿಗೆ, ಬಿಳಿ ಕಿಟಕಿ, ಮುಂದೆ ಅಂಗೈಯಷ್ಟು ತೋಟ. ಕಾಂಪೌಂಡ್ ಮೊಳಕಾಲಿಗೆ ಬರುವಷ್ಟೇ ಎತ್ತರ. ಅದರ ಮೇಲಿಂದ ಹೂಗಳು ಬೀದಿಗೆ ಬಾಗಿವೆ, ಯಾರೂ ಕಿತ್ತಿಲ್ಲ. ಶಹಾಪುರದಲ್ಲಿ ನಾನು ಸಾಕಿದ ಒಂದೇ ಒಂದು ದಾಸವಾಳದ ಗಿಡಕ್ಕೆ ಬೆಳಗಿನ ಐದು ಗಂಟೆಗೆ ಮೂರು ಓಣಿಯ ಭಕ್ತರು ಬುಟ್ಟಿ ಹಿಡಿದು ಬರುತ್ತಾರೆ. ನನ್ನ ದೇವರಿಗೆ ನನ್ನ ಗಿಡದ ಹೂವು ಸಿಕ್ಕದ್ದು ಬೆರಳೆಣಿಕೆಯಷ್ಟು ಸಲ. ಈ ಬೀದಿಯ ಒಂದೊಂದು ಹೂವನ್ನೂ ನಾನು ಕಣ್ಣಿನಿಂದ ಕೀಳುತ್ತ ನಡೆದೆ.

ಆದರೆ ಬೀದಿಯಲ್ಲಿ ಜನವೇ ಇಲ್ಲ. ಕಟ್ಟೆಯಿಲ್ಲ, ಕಟ್ಟೆಯ ಮೇಲೆ ಕೂತು ಬಂದವರನ್ನು ಅಳೆಯುವ ಮುದುಕರಿಲ್ಲ. ಒಬ್ಬ ಅಜ್ಜ ಕಾರು ತೊಳೆಯುತ್ತಿದ್ದ. ಎದುರು ಸಿಕ್ಕವರನ್ನು ಮಾತಾಡಿಸದೆ ಹೋಗುವುದು ನನಗೆ ಆಗುವುದಿಲ್ಲ, ನಿಂತೆ. “ವೇರ್ ಆರ್ ಯೂ ಗೋಯಿಂಗ್?” ಎಂದು ಕೇಳಿದೆ. ನಮ್ಮಲ್ಲಿ ‘ಎಲ್ಲಿಗೆ ಹೊಂಟೀರಿ’ ಅಂದರೆ ನಮಸ್ಕಾರ ಅಂದಷ್ಟೇ. ಅಜ್ಜ ಕೈಯಲ್ಲಿದ್ದ ಸ್ಪಂಜು ನೋಡಿಕೊಂಡ, ಕಾರು ನೋಡಿದ, ಎಲ್ಲಿಗೂ ಇಲ್ಲ ಎಂದು ಬಹಳ ಗಾಬರಿಯಿಂದ ಉತ್ತರ ಕೊಟ್ಟ. ಜಾನೆಟ್ ಓಡಿ ಬಂದು ಅವನಿಗೆ ಏನೋ ಸಮಜಾಯಿಷಿ ಹೇಳಿದಳು.

ನಮ್ಮನ್ನು ಮಾತ್ರ ಯಾರೂ ಎಲ್ಲಿಗೆ ಅಂತ ಕೇಳಲಿಲ್ಲ. ಇದರ ಬಗ್ಗೆ ಸ್ವಲ್ಪ ಹೇಳಬೇಕು. ಶಹಾಪುರದಿಂದ ನನ್ನ ಶಾಲೆ ಇರುವ ಸಗರ ಹೆಚ್ಚು ಕಡಿಮೆ ಇದೇ ದೂರ. ಒಂದು ಮಳೆಗಾಲದಲ್ಲಿ ಬಸ್ಸು ಬರಲಿಲ್ಲ, ಟಂಟಂ ಆಟೋ ಕೂಡ ಇರಲಿಲ್ಲ. ಹವೆ ತಂಪಾಗಿತ್ತು, ಹಿಂದೆ ಮಲಗಿದ ಬುದ್ಧನ ಗುಡ್ಡ ಮೋಡದ ಕೆಳಗೆ ಚೆಂದ ಕಾಣುತ್ತಿತ್ತು. ನಡೆಯೋಣ ಅನ್ನಿಸಿತು. ಅರ್ಧ ತಾಸಿನಲ್ಲಿ ಮೂರು ಬೈಕು ನಿಂತವು. ಮೊದಲನೆಯವ ನನ್ನ ಹಳೆಯ ವಿದ್ಯಾರ್ಥಿ, “ಯಾಕ್ರಿ ಟೀಚರ್, ಮನ್ಯಾಗ ಏನಾರ ಆಗ್ಯಾದೇನ್ರಿ?” ಅಂದ. ಎರಡನೆಯವರು ಗುರುತಿನವರು, ನೇರ ನನ್ನ ಗಂಡನಿಗೆ ಫೋನ್ ಹಚ್ಚಿದರು. ಮೂರನೇ ಬೈಕಿನಲ್ಲಿ ನನ್ನ ಗಂಡನೇ ಬಂದ.

“ಸುಮ್ನ ನಡಕೋತ ಹೊಂಟಿದ್ದೆ” ಅಂದೆ.

“ಸುಮ್ನ ಯಾರ ನಡೀತಾರ?” ಅಂದ. ಅವನ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು.

ನಮ್ಮ ಕಡೆ ಹೆಂಗಸು ಮೈಲಿಗಟ್ಟಲೆ ನಡೆಯಬೇಕಾದರೆ ಒಂದು ದೇವರು ಬೇಕು. ಅಬ್ಬೆತುಮಕೂರಿನ ಮಠಕ್ಕೆ ಹರಕೆ ಹೊತ್ತು ಯಾದಗಿರಿಯಿಂದ ಪಾದಯಾತ್ರೆ ಹೊರಟರೆ ದಾರಿಯುದ್ದಕ್ಕೂ ನೀರು ಕೊಡುತ್ತಾರೆ, ಕಾಲಿಗೆ ಬೀಳುತ್ತಾರೆ. ದೇವರ ಹೆಸರಿಲ್ಲದೆ ನಡೆದರೆ ತಲೆ ಕೆಟ್ಟಿದೆ, ಇಲ್ಲವೇ ಗಂಡನ ಜೊತೆ ಜಗಳ. ಜಾನೆಟ್ ಮುಂದೆ ಮುಂದೆ ಹೋಗುತ್ತಿದ್ದಳು. ಅರವತ್ತಾರು ವರ್ಷದ ಹೆಂಗಸು, ಯಾವ ಹರಕೆಯೂ ಇಲ್ಲ. ಅವಳ ಬೆನ್ನು ನೋಡಿ ನನಗೆ ಎಷ್ಟು ಹೊಟ್ಟೆ ಉರಿಯಿತು ಅಂದರೆ ಬೇಕಂತಲೇ ನಿಧಾನ ಮಾಡಿದೆ.

ಹಿತ್ತಲ ಸಂದಿ, ಆಮೇಲೆ ಹೊಲ

ಎರಡು ಮನೆಗಳ ನಡುವೆ ಒಂದು ಸಂದಿ. ಒಬ್ಬರು ಹೋಗುವಷ್ಟೇ ಅಗಲ. ಸಂದಿಯ ಬಾಯಲ್ಲಿ ಒಂದು ಕಂಬ, ಅದಕ್ಕೆ ನಡೆಯುವ ಮನುಷ್ಯನ ಚಿತ್ರದ ಹಲಗೆ. ಎರಡೂ ಕಡೆ ಹಿತ್ತಲ ಬೇಲಿ, ಒಣಹಾಕಿದ ಬಟ್ಟೆ, ಹೂವಿನ ಕುಂಡಗಳು. ಇದು ಯಾರದೋ ಮನೆಯ ಸಂದಿ, ಬೈಯುತ್ತಾರೆ ಎಂದು ನಾನು ನಿಂತೆ. ಇದು ದಾರಿ ಎಂದಳು ನಾಗು. ಎಷ್ಟೋ ತಲೆಮಾರಿನಿಂದ ಜನ ನಡೆದ ದಾರಿ, ಆಮೇಲೆ ಮನೆ ಬಂದರೂ ದಾರಿ ಮುಚ್ಚುವ ಹಾಗಿಲ್ಲವಂತೆ.

ಸಂದಿ ಮುಗಿದದ್ದು ಒಂದು ಹೊಲದಲ್ಲಿ. ಮೊಳದೆತ್ತರ ಬೆಳೆದ ಗೋಧಿ. ದಾರಿ ಬದುವಿನ ಮೇಲೆ ಹೋಗದೆ ಸೀದಾ ಹೊಲದ ನಡುವೆಯೇ ಹೋಗಿತ್ತು. ರೈತ ಬಿತ್ತುವಾಗ ಎರಡು ಅಡಿ ಬಿಟ್ಟು ಬಿತ್ತಿದ್ದ. ಅವನೇ ಅಷ್ಟು ದೂರದಲ್ಲಿ ಟ್ರ್ಯಾಕ್ಟರ್ ಮೇಲಿದ್ದ, ನಮ್ಮನ್ನು ನೋಡಿ ಕೈ ಎತ್ತಿದ. ನಾನು ಬಡಿಗೆ ಎತ್ತಿದ ಅಂದುಕೊಂಡೆ. ಬಳಿಚಕ್ರದಲ್ಲಿರುವ ನನ್ನ ಸೋದರಮಾವನೂ ಪಕ್ಕದ ಹೊಲದವನೂ ಒಂದು ಬಂಡಿದಾರಿಗಾಗಿ ಮಾತು ಬಿಟ್ಟು ಎಷ್ಟು ಕಾಲವಾಯಿತೆಂದರೆ, ಬಂಡಿ ಎಳೆಯುವ ಎತ್ತುಗಳೇ ಇಬ್ಬರ ಮನೆಯಲ್ಲೂ ಈಗ ಇಲ್ಲ. ಜಗಳ ಮಾತ್ರ ಇದೆ.

ಹೊಲದ ಕೊನೆಗೆ ಬೇಲಿ. ದಾಟಲು ಹಲಗೆಯ ಎರಡು ಮೆಟ್ಟಿಲು, ಮೇಲೊಂದು ಅಡ್ಡಕಟ್ಟಿಗೆ. ಜಾನೆಟ್ ಕಾಲೆತ್ತಿ ಹಾಕಿ ಆ ಕಡೆ ಇಳಿದಳು. ನಾಗು ಇಳಿದಳು. ನಾನು ಹತ್ತಿ, ಒಂದು ಕಾಲು ಆಚೆ ಒಂದು ಕಾಲು ಈಚೆ ಆದ ಮೇಲೆ ಸೀರೆ ಮೊಳೆಗೆ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಗೋಧಿ ಹೊಲದ ಮೇಲೆ ಸವಾರಿ ಹೊರಟ ರಾಣಿಯ ಹಾಗೆ ಕೂತಿದ್ದೆ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು, ನಗು ತಡೆದುಕೊಂಡರು. ನನ್ನ ಅವಸ್ಥೆಗಿಂತ ಆ ನೋಟ ನನಗೆ ಚುಚ್ಚಿತು. ಹಾಗೆ ಒಂದು ಮಾತಿಲ್ಲದೆ ನೋಡಿ ನಗು ತಡೆಯುವುದು ನನ್ನ, ನಾಗುವಿನ ನಡುವಿನದು. ಸತ್ಯನಾರಾಯಣ ಪೂಜೆಯಲ್ಲಿ, ಹೆಣ್ಣು ನೋಡಲು ಬಂದವರ ಮುಂದೆ, ಎಲ್ಲ ಕಡೆ ಹೀಗೇ ನೋಡಿಕೊಳ್ಳುತ್ತಿದ್ದೆವು. ಈಗ ನನ್ನ ಜಾಗದಲ್ಲಿ ಇವಳು.

ಕಾಡು

ಕಾಡು ಶುರುವಾದದ್ದೇ ಗೊತ್ತಾಗಲಿಲ್ಲ. ಒಂದು ಗೇಟು ದಾಟಿದೆವು, ಬೆಳಕು ಹಸಿರಾಯಿತು. ದೊಡ್ಡ ದೊಡ್ಡ ಮರ, ಆಗಷ್ಟೇ ಒಡೆದ ಎಲೆ, ಕೆಳಗೆ ಕಣ್ಣು ಹಾಯುವ ತನಕ ನೀಲಿ ಹೂವು. ಯಾರೂ ನೆಟ್ಟದ್ದಲ್ಲವಂತೆ, ವರ್ಷಕ್ಕೆ ಮೂರು ವಾರ ತಾನಾಗಿ ಬರುತ್ತದಂತೆ. ನಾನು ಒಂದು ಮಾತೂ ಆಡಲಿಲ್ಲ. ಚೆಂದ ಅದ ಅಂತ ಹೇಳಿಬಿಟ್ಟರೆ ಸೋತ ಹಾಗೆ ಅನ್ನಿಸುತ್ತಿತ್ತು.

ದಾರಿಯ ಪಕ್ಕ ಎಳೆಯ ಸೊಪ್ಪು ಪೊಗದಸ್ತಾಗಿ ಬೆಳೆದಿತ್ತು. ಎಳೆ ಸೊಪ್ಪು ಕಂಡರೆ ನಮ್ಮ ಕಡೆಯ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಹೊಲಕ್ಕೆ ಹೋದವರು ಹತ್ತರಕಿಯೋ ರಾಜಗಿರಿಯೋ ಉಡಿ ತುಂಬ ತರದೆ ಬಂದರೆ ಮನೆಯಲ್ಲಿ ಕೇಳುತ್ತಾರೆ. ರಾತ್ರಿ ಬೇಳೆ ಹಾಕಿ ಪಲ್ಯ ಮಾಡಿದರಾಯಿತು ಎಂದು ಬಾಗಿ ಒಂದು ಹಿಡಿ ಕಿತ್ತೆ. ಮರುಗಳಿಗೆ ಅಂಗೈಗೆ ಕೆಂಡ ಇಟ್ಟಂತಾಯಿತು. ಅದು ಅಲ್ಲಿನ ತುರಿಕೆ ಸೊಪ್ಪು.

ಜಾನೆಟ್ ಓಡಿ ಬಂದಳು. ಅಲ್ಲೇ ಬೆಳೆದಿದ್ದ ಒಂದು ಅಗಲ ಎಲೆ ಕಿತ್ತು, ಉಜ್ಜಿ ರಸ ತೆಗೆದು, ನನ್ನ ಕೈ ತನ್ನ ಕೈಯಲ್ಲಿಟ್ಟುಕೊಂಡು ತಿಕ್ಕಿದಳು. ನಲವತ್ತು ವರ್ಷ ರೋಗಿಗಳ ಕೈ ಹಿಡಿದ ಕೈ, ಗಟ್ಟಿಯಾಗಿ ಬೆಚ್ಚಗಿತ್ತು. ಉರಿ ಇಳಿಯಿತು. ಅಂಗೈಯದು.

“ನಾನೂ ಮೊದಲನೇ ಸಲ ಇದನ್ನೇ ಕಿತ್ತಿದ್ದೆ ಅಕ್ಕ” ಅಂದಳು ನಾಗು. “ಪಲ್ಯಾ ಮಾಡಾಕ. ಅವತ್ತೂ ಜಾನೆಟಕ್ಕನೇ ತಿಕ್ಕಿದಳು.”

ಮುಂದೆ ಏರು. ನಾಗು ಸರಸರ ಹತ್ತುತ್ತಿದ್ದಳು, ಪ್ರತಿ ತಿರುವಿನಲ್ಲೂ ನಿಂತು ನನಗೆ ಕಾಯುತ್ತಿದ್ದಳು. ಸುರಪುರದ ಗುಡ್ಡಕ್ಕೆ ಹೋದಾಗ ನಾಲ್ಕು ಹೆಜ್ಜೆಗೆ ಕೂತು ಅಳುತ್ತಿದ್ದವಳು ಇವಳೇ. ಬಗಲಲ್ಲಿ ಎತ್ತಿಕೊಂಡು ಬಂಡೆ ಹತ್ತುತ್ತಿದ್ದವಳು ನಾನು. ನನ್ನ ಎಡಗಡೆ ಸೊಂಟ ಇವತ್ತಿಗೂ ಸ್ವಲ್ಪ ವಾರೆ ಇದೆ, ಅದು ನಾಗು ಕೂತ ಜಾಗ.

ಇನ್ನೊಂದು ವಿಷಯ ಇದೆ. ಅದನ್ನು ಗಂಡನ ಹತ್ತಿರವೂ ಪೂರ್ತಿ ಹೇಳಿಲ್ಲ. ನಾನು ಪಿಯುಸಿ ಮುಗಿಸಿದ ವರ್ಷ ಕಲಬುರಗಿಯ ನರ್ಸಿಂಗ್ ತರಬೇತಿಗೆ ನನ್ನ ಹೆಸರು ಬಂದಿತ್ತು. ಟ್ರಂಕು ತುಂಬಿ ಇಟ್ಟಿದ್ದೆ. ಅಷ್ಟರಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಅಪ್ಪ ತಾಲೂಕು ಕಚೇರಿಯಲ್ಲಿ ಜವಾನ, ರಜೆ ಸಿಗದು. ನಾಗು ಇನ್ನೂ ಸಣ್ಣವಳು. ಅಪ್ಪ ನನಗೆ ಹೋಗಬೇಡ ಅನ್ನಲಿಲ್ಲ, ಟ್ರಂಕಿನ ಕಡೆ ನೋಡುತ್ತ ಕೂತ, ಅಷ್ಟೇ. ಟ್ರಂಕು ನಾನೇ ಬಿಚ್ಚಿದೆ. ಐದು ವರ್ಷದ ಮೇಲೆ ಅದೇ ತರಬೇತಿಗೆ ನಾಗು ಹೋದಳು. ಅವ್ವನನ್ನು ಎತ್ತಿ ಕೂಡಿಸಲು ನಾನಿದ್ದೆನಲ್ಲ, ಅದಕ್ಕೆ ಹೋದಳು. ಆಮೇಲೆ ಹೈದರಾಬಾದು, ಆಮೇಲೆ ಇಲ್ಲಿ. ನಾನು ಕೊನೆಗೆ ಟೀಚರ್ ಆದೆ, ಸುಖವಾಗಿಯೇ ಇದ್ದೇನೆ. ಆದರೆ ಈ ಕಾಡಿನಲ್ಲಿ ನೀಲಿ ಹೂವಿನ ನಡುವೆ ಹೋಗುತ್ತಿದ್ದ ಆ ಕೋಟು ನನ್ನದಾಗಬೇಕಿತ್ತು ಅನ್ನುವುದು ಮನಸ್ಸಿಗೆ ಬಂತು. ಬಂದಮೇಲೆ ಹೋಗಲಿಲ್ಲ.

ರೂತ್‌ಳ ಬೆಂಚು

ಏರಿನ ತುದಿಯಲ್ಲಿ ಮರ ಸರಿದು ಬಯಲು. ಕೆಳಗೆ ಗಾಡಲ್ಮಿಂಗ್ ಊರು, ನಡುವೆ ಹೊಳೆಯ ಒಂದು ಗೆರೆ. ಅಲ್ಲಿ ಒಂದು ಮರದ ಬೆಂಚು ಇತ್ತು. ಅದರ ಬೆನ್ನಿಗೆ ಹಿತ್ತಾಳೆಯ ತಗಡು. ರೂತ್ ಎಂಬ ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ. ಕೂರುವ ಹಲಗೆಯ ಒಂದು ತುದಿಯಲ್ಲಿ ಒಂದು ಬಾಡಿದ ಹೂಗೊಂಚಲು.

ನನಗೆ ಅರ್ಥವಾಯಿತು. ಅಬ್ಬೆತುಮಕೂರಿಗೆ ಎಷ್ಟು ಸಲ ಹೋಗಿಲ್ಲ? ಪಕ್ಕಕ್ಕೆ ಸರಿದು ಬೂಟು ಬಿಚ್ಚಿದೆ, ಉಣ್ಣೆಯ ಕಾಲುಚೀಲ ತೆಗೆದೆ, ತಲೆಯ ಮೇಲೆ ಸೆರಗು ಎಳೆದುಕೊಂಡೆ. ಚೀಲದಿಂದ ಒಂದು ಶೇಂಗಾ ಹೋಳಿಗೆ ತೆಗೆದು ಹೂವಿನ ಪಕ್ಕ ಇಟ್ಟು, ಮೂರು ಸುತ್ತು ಬಂದು, ಹಣೆ ಮುಟ್ಟಿಸಿ ಕೈಮುಗಿದೆ. ಎದ್ದು ನೋಡಿದರೆ ಜಾನೆಟ್ ಫ್ಲಾಸ್ಕಿನಿಂದ ಚಹಾ ಸುರಿಯುತ್ತಿದ್ದವಳು ಹಾಗೇ ನಿಂತಿದ್ದಾಳೆ, ಚಹಾ ಬಟ್ಟಲು ತುಂಬಿ ಹುಲ್ಲಿಗೆ ಹರಿಯುತ್ತಿದೆ.

“ಅಕ್ಕ, ಏನ್ ಮಾಡಾಕತ್ತಿ?” ಅಂದಳು ನಾಗು.

“ಗದ್ದಿಗಿ ಅಲ್ಲೇನು ಇದು? ಹೆಸರು ಬರದಾರ, ಹೂವು ಏರಿಸ್ಯಾರ.”

“ಬೆಂಚ್ ಅದ. ಕುಂದ್ರಾಕ ಇಟ್ಟಾರ.”

“ಸತ್ತವರ ಮ್ಯಾಲ ಕುಂದ್ರತಾರೇನು? ನಾ ಕುಂದ್ರಂಗಿಲ್ಲ.”

ಅಷ್ಟರಲ್ಲಿ ಯಾರದೋ ಕಂದು ಬಣ್ಣದ ನಾಯಿ ಬಂದು ನೈವೇದ್ಯ ಎತ್ತಿಕೊಂಡು ಹೋಯಿತು. ಹಿಂದಿನಿಂದ ಅದರ ಯಜಮಾನಿ ಹತ್ತು ಸಲ ಕ್ಷಮೆ ಕೇಳುತ್ತ ಓಡಿ ಬಂದಳು. ಜಾನೆಟ್ ನಗಲು ಶುರು ಮಾಡಿದಳು. ನಗುತ್ತ ನಗುತ್ತ ಅವಳ ಕಣ್ಣಿಂದ ನೀರು ಇಳಿಯಿತು, ಆಮೇಲೆ ಅದು ನಗು ಆಗಿರಲಿಲ್ಲ. ನಾಗು ಹೋಗಿ ಅವಳ ಹೆಗಲು ಬಳಸಿದಳು. ನಾನು ಬರಿಗಾಲಿನಲ್ಲಿ ತಣ್ಣನೆ ಹುಲ್ಲಿನ ಮೇಲೆ ನಿಂತು ಅದನ್ನೂ ನೋಡಿದೆ.

ರೂತ್ ಜಾನೆಟ್‌ಳ ಅಕ್ಕ. ಅವಳ ಇಂಗ್ಲಿಷ್ ನನ್ನ ಕಿವಿಗೆ ನಿಲ್ಲುತ್ತಿರಲಿಲ್ಲ, ನಾಗು ವಾಕ್ಯ ವಾಕ್ಯ ಸುರಪುರದ ಕನ್ನಡಕ್ಕೆ ಇಳಿಸಿದಳು.

“ಅಕ್ಕ ಆ ಊರಾಗ, ತಂಗಿ ಈ ಊರಾಗ ಇದ್ರಂತ. ನಡುವ ಈ ಒಂಬತ್ತ ಕಿಲೋಮೀಟರ್ ಅಷ್ಟ. ಆರು ವರ್ಷ ಒಬ್ಬರ ಮನಿಗೆ ಒಬ್ಬರು ಹೋಗಿಲ್ಲಂತ.”

“ಯಾಕ? ಜಗಳೇನು?”

ನಾಗು ಕೇಳಿದಳು. ಜಾನೆಟ್ ಕಣ್ಣು ಒರೆಸಿಕೊಂಡು ನನ್ನನ್ನೇ ನೋಡುತ್ತ ಹೇಳಿದಳು. ಈ ಸಲ ತರ್ಜುಮೆ ಬೇಕಾಗಲಿಲ್ಲ, ಜೆಲಸ್ ಎಂಬ ಶಬ್ದ ನಾನು ಐದನೇ ಕ್ಲಾಸಿಗೆ ಕಲಿಸುತ್ತೇನೆ.

“ಹೊಟ್ಟಿಕಿಚ್ಚಂತ” ಎಂದಳು ನಾಗು, ನೆಲ ನೋಡುತ್ತ. “ಅಕ್ಕಗ ಮೂರು ಮಕ್ಕಳು, ಇಕಿಗೆ ಇಲ್ಲ. ಅವರ ಮನ್ಯಾಗ ಹುಡುಗರ ಗದ್ದಲ ಕೇಳಿದ್ರ ಇಕಿಗೆ ತಡೀತಿದ್ದಿಲ್ಲಂತ. ಕಡೀಗೆ ಒಂದಿನ ನಡಕೋತ ಹೋದಳಂತ, ಈ ದಾರಿಲೆ. ಆಮ್ಯಾಲ ಇಬ್ಬರೂ ಕೂಡಿ ನಡದಿದ್ದು ಒಂದ ವರ್ಷ. ಅಕ್ಕಗ ಮೊಣಕಾಲು ನೋವು. ಇಲ್ಲಿಗೆ ಬಂದ್ರ, ಕುಂದ್ರಾಕ ಒಂದು ಜಾಗಿಲ್ಲ ಅಂತ ಗೊಣಗತಿದ್ದಳಂತ. ಅಕಿ ಹೋದ ಮ್ಯಾಲ ಇದನ್ನ ಹಾಕ್ಸ್ಯಾಳ.”

ಜಾನೆಟ್ ಬೆಂಚಿನ ಮೇಲೆ ಕೂತು, ಪಕ್ಕದ ಜಾಗ ತಟ್ಟಿ ನನ್ನನ್ನು ಕರೆದಳು. ನಾನು ಒಂದು ಗಳಿಗೆ ನಿಂತೆ. ಆಮೇಲೆ ರೂತ್‌ಗೆ ಮನಸ್ಸಿನಲ್ಲೇ ತಪ್ಪಾಯಿತು ತಾಯಿ ಅಂದು ಕೂತೆ. ಕಾಲಿಗೆ ಹಾಯ್ ಅನ್ನಿಸಿತು. ಜಾನೆಟ್ ಒಂದು ಹೋಳಿಗೆ ಕೇಳಿ ತೆಗೆದುಕೊಂಡಳು, ಚಹಾದಲ್ಲಿ ಅದ್ದಿ ತಿಂದಳು.

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಮತ್ತೆ ಹೊಟ್ಟೆಕಿಚ್ಚೇ. ನನಗೆ ನನ್ನ ಅಕ್ಕನ ಮೇಲೆ ಹೊಟ್ಟೆಕಿಚ್ಚಿತ್ತು ಎಂದು, ಇವತ್ತು ಬೆಳಗ್ಗೆ ಕಂಡ ಹೆಂಗಸಿನ ಮುಂದೆ ಹೋಳಿಗೆ ತಿನ್ನುತ್ತ ಹೇಳುತ್ತಾಳಲ್ಲ! ನನ್ನ ಕೈಯಲ್ಲಿ ಮೂವತ್ತು ವರ್ಷದಿಂದ ಆಗದ ಕೆಲಸ.

ಇಳಿಜಾರು

ಬೂಟು ಮತ್ತೆ ಏರಿಸಿಕೊಂಡು ಹೊರಟೆ. ಮುಂದೆ ದಾರಿ ಊರಿನ ಕಡೆ ಇಳಿಯುತ್ತದೆ. ಹಿಂದಿನ ರಾತ್ರಿಯ ಮಳೆಗೆ ಜಾರುತ್ತಿತ್ತು. ಜಾನೆಟ್‌ಗೆ ನಾಯಿಯ ಯಜಮಾನಿ ಜೊತೆಯಾಗಿ ಇಬ್ಬರೂ ಮಾತಾಡುತ್ತ ಮುಂದೆ ಹೋದರು. ನಾಗು ನನ್ನ ಮೊಳಕೈ ಹಿಡಿದುಕೊಂಡು ಪಕ್ಕದಲ್ಲೇ ಇಳಿಯುತ್ತಿದ್ದಳು. ನಾನು ಬಂದ ಮೇಲೆ ನಾವಿಬ್ಬರೇ ಆದದ್ದು ಆಗ.

“ನಾಗು,” ಅಂದೆ, “ಇಷ್ಟು ವರ್ಷ ನನ್ನ ಯಾಕ ಕರೀಲಿಲ್ಲ?”

ಬೂಟಿನ ಕೆಳಗೆ ಕೆಸರು ಪಚಪಚ ಅನ್ನುತ್ತಿತ್ತು.

“ನಾಚಿಕಿ ಬಂತೇನು ನಂದು?”

“ಹಂಗ್ಯಾಕ ಅಂತಿ.”

“ಮತ್ತೇನು? ಇಲ್ಲಿ ಒಬ್ಬಾಕಿ ಅಕ್ಕ ಸಿಕ್ಕಾಳ, ಆ ಅಕ್ಕ ಯಾಕ ಬೇಕು ಅಂತೇನು?” ಆಮೇಲೆ ಬಾಯಿಗೆ ಬಂದದ್ದು ನಾನು ಹೇಳಬೇಕೆಂದು ಹೊರಟದ್ದೇ ಅಲ್ಲ. “ನನಗ ಜಾನೆಟ್ ಮ್ಯಾಲ ಹೊಟ್ಟಿಕಿಚ್ಚು ಅಂತ ಇಷ್ಟೊತ್ತನ ತಿಳಕೊಂಡಿದ್ದೆ. ಅಕಿ ಮ್ಯಾಲ ಅಲ್ಲ. ನಿನ್ನ ಮ್ಯಾಲ. ಆ ಟ್ರಂಕು ಬಿಚ್ಚಿದಾಗಿನಿಂದ ನಿನ್ನ ಮ್ಯಾಲ ನನಗ ಹೊಟ್ಟಿಕಿಚ್ಚು ಅದ ನಾಗು.”

ಹೇಳಿ ನಿಂತೆ. ಅವಳು ಅಳುತ್ತಾಳೆ, ಇಲ್ಲ ಕೈ ಬಿಟ್ಟು ಮುಂದೆ ಹೋಗಿಬಿಡುತ್ತಾಳೆ ಅಂದುಕೊಂಡೆ. ಅವಳು ಎರಡೂ ಮಾಡಲಿಲ್ಲ.

“ಗೊತ್ತದ ಅಕ್ಕ” ಅಂದಳು. “ಅದಕ್ಕ ಕರೀಲಿಲ್ಲ.”

ನಾನು ಅವಳ ಮುಖ ನೋಡಿದೆ.

“ಮೊದಲನೇ ವರ್ಷ ಹಿಮ ಬಿದ್ದಾಗ ಫೋನ್ ಮಾಡಿದ್ದೆ, ನೆನಪದೇನು? ಖುಷೀಲೆ ಹೇಳಿದೆ. ನೀ ‘ಹೌದಾ’ ಅಂದಿ. ಮನಿ ತಗೊಂಡೀವಿ ಅಂದೆ. ‘ಹೌದಾ’ ಅಂದಿ. ಆ ನಿನ್ನ ‘ಹೌದಾ’ ಕೇಳಿದ್ರ ನನಗ ಎದಿ ಝಲ್ ಅಂತಿತ್ತು. ನಿನ್ನ ಸೀಟಿನ ಮ್ಯಾಲ ಕುಂತೀನಿ ಅಂತ ನನಗ ಗೊತ್ತಿಲ್ಲೇನು? ಇಲ್ಲಿಗೆ ಕರಸಿ ಇದನ್ನೆಲ್ಲ ಎದುರಿಗಿಟ್ಟು ಯಾಕ ನಿನ್ನ ಇನ್ನಷ್ಟು ಉರಸಬೇಕು ಅಂತ ಸುಮ್ನಿದ್ದೆ.”

ಹದಿನಾಲ್ಕು ವರ್ಷ ನಾನು ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೇನೆ ಅಂದುಕೊಂಡದ್ದು ಒಂದು ‘ಹೌದಾ’ದಲ್ಲಿ ದಿನ ಬಿಟ್ಟು ದಿನ ಇವಳ ಕಿವಿಗೆ ಬೀಳುತ್ತಿತ್ತು. ನನಗೆ ನಾಚಿಕೆಯಾಯಿತು. ಜೊತೆಗೆ ಹೊಟ್ಟೆಯಲ್ಲಿ ಎಷ್ಟೋ ಕಾಲದಿಂದ ಬಿಗಿದಿದ್ದ ಏನೋ ಸಡಿಲವಾಯಿತು.

“ಮತ್ತ ಈಗ ಯಾಕ ಕರದಿ?”

“ಜಾನೆಟಕ್ಕ ಬೈದಳು. ಇಬ್ಬರು ಬದುಕಿದ್ದೀರಿ, ನಡುವ ಒಂದು ವಿಮಾನ ಅದ ಅಷ್ಟ, ಹೊಟ್ಟಿ ಉರಕೊಂಡಾದ್ರೂ ಬರಲಿ, ಕರಿ ಅಂದಳು. ನಾನೂ ವಿಚಾರ ಮಾಡಿದೆ. ಹದಿನಾಲ್ಕು ವರ್ಷ ದೂರ ಇಟ್ಟರೂ ನಿಂದು ಕಮ್ಮಿ ಆಗಲಿಲ್ಲ. ಇನ್ನ ಇಲ್ಲಿಗೇ ಬಂದು ಉರಕೊಳ್ಳಲಿ ಅಂತ ಕರದೆ.”

ನಾವಿಬ್ಬರೂ ನಕ್ಕೆವು, ಅತ್ತೆವು ಅಂತ ಬರೆಯಬಹುದು. ಅಂಥದ್ದೇನೂ ಆಗಲಿಲ್ಲ. ಕೆಳಗೆ ಗೇಟಿನ ಹತ್ತಿರ ಜಾನೆಟ್ ಒಬ್ಬಳೇ ನಿಂತಿದ್ದಳು. ನಾವು ಬರುವುದು ಇನ್ನೂ ತಡ ಎಂದು ಅವಳಿಗೆ ಹೇಗೆ ತಿಳಿಯಿತೋ, ಬೆನ್ನು ತಿರುಗಿಸಿ ಊರಿನ ಕಡೆ ನೋಡುತ್ತ ನಿಂತಳು. ನಾಗು ನನ್ನ ಹೆಗಲಿನ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. ನಾನು ಬೇಡ ಅನ್ನಲಿಲ್ಲ.

“ಈ ಕಾಡು ಚೆಂದ ಅದ ನಾಗು” ಅಂದೆ. “ಭಾಳ ಚೆಂದ ಅದ. ನೋಡಿ ನನಗ ಭಾಳ ಸಂಕಟ ಆಯ್ತು.”

“ಇನ್ನಾ ಹನ್ನೆರಡು ದಿನ ಅದಾವ” ಅಂದಳು ನನ್ನ ತಂಗಿ, ಮೊಳಕೈ ಬಿಟ್ಟು ಬೆರಳಿಗೆ ಬೆರಳು ಹೆಣೆದು. “ಸಂಕಟ ಆಗೂವಂಥಾದು ಇನ್ನಾ ಏನೇನ್ ಅದ, ಎಲ್ಲಾ ತೋರಸ್ತೀನಿ. ನಡಿ.”